‘ನರಿ’ ಎಂಬ ಶಬ್ದ: ಸುಕುಮಾರಸ್ವಾಮಿಯ ಕಥೆಗೆ ಸಂಬಂಧಿಸಿದ ಒಂದು ಅರ್ಥವಿಚಾರ

ವಡ್ಡಾರಾಧನೆಯ ೧೯ ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದೆಂಬುದು ವಿದ್ವಾಂಸರಿಗೆ ಸುವಿದಿತ. ಸಂನ್ಯಸನವನ್ನು ಕೈಕೊಂಡು ನಿಶ್ಚಲನಾಗಿದ್ದ ಆ ಮಹಾತ್ಮನನ್ನು ಮರಿಗಳೊಡಗೂಡಿದ ಒಂದು ಹೆಣ್ಣು ಮೃಗವು ಪಾದದಿಂದ ತೊಡಗಿ ಭಕ್ಷಿಸುತ್ತದೆ. ಆ ಮೃಗ ಯಾವುದು? ನರಿ ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಆದರೆ ಈ ಎರಡಕ್ಷರದ ಶಬ್ದಕ್ಕೆ ಎಲ್ಲೆಡೆಯೂ ಒಂದೇ ಅರ್ಥವಿಲ್ಲ. ಮೂಲ ಗಾಹೆಯಲ್ಲಿರುವ ಪ್ರಾಕೃತ ಶಬ್ದವಾದರೋ ಸಂಸ್ಕೃತಜ್ಞರನ್ನು ಬೇರೊಂದು ಪ್ರಾಣಿಯ ಕಡೆಗೆ ಸೆಳೆಯುವಂತಹುದು. ಆದಕಾರಣ ಈ ಶಬ್ದದ ವಿಚಾರವು ಕೇವಲ ನಿಘಂಟಿನ ವಿಷಯವಲ್ಲ, ಕಥಾರ್ಥಕ್ಕೂ ಸೇರಿದುದು.

ಮೊದಲು ದ್ರಾವಿಡ ಭಾಷೆಗಳನ್ನು ನೋಡೋಣ. ಕನ್ನಡ ಮತ್ತು ತಮಿಳುಗಳಲ್ಲಿ ‘ನರಿ’ ಎಂದರೆ ಸಂಸ್ಕೃತದ ಶೃಗಾಲ. ಅದೇ ಶಬ್ದ ಕೊಡವ ಭಾಷೆಯಲ್ಲಿ ಹುಲಿಗೆ ಸಲ್ಲುತ್ತದೆ. ಹುಲಿಯನ್ನು ಕೊಂದ ವೀರನಿಗೆ ಕೊಡಗಿನಲ್ಲಿ ನಡೆಯುತ್ತಿದ್ದ ಸಂಭ್ರಮಕ್ಕೆ ‘ನರಿ ಮಂಗಲ’ವೆಂದೇ ಹೆಸರು. ಮಲಯಾಳದಲ್ಲಿ ‘ನರಿ’ ಹುಲಿಯೆಂಬ ಅರ್ಥದಲ್ಲಿಯೂ ಬರುತ್ತದೆ. ಶೃಗಾಲಕ್ಕೆ ಅಲ್ಲಿ ‘ಕುಱುನರಿ’, ಎಂದರೆ ಕಿರಿಯ ನರಿ, ಎಂಬ ಪ್ರತ್ಯೇಕ ರೂಪವುಂಟು. ತಮಿಳಿನ ‘ಕುಳ್ಳನರಿ’ಯನ್ನೂ ಕನ್ನಡದ ‘ಗುಳ್ಳೆನರಿ’ಯನ್ನೂ ಇದರೊಡನೆ ಇಟ್ಟು ನೋಡಬಹುದು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (೧೯೬೧, ಪರಿಷ್ಕೃತ ಮುದ್ರಣ ೧೯೮೪) ಈ ಸಜಾತೀಯ ಶಬ್ದಗಳನ್ನು ಒಂದೇ ಎಡೆಯಲ್ಲಿ ಸಂಗ್ರಹಿಸುತ್ತದೆ. ಮೈಸೂರಿನಿಂದ ಹೆಚ್ಚು ದೂರವಿಲ್ಲದ ಕೊಡಗಿನ ಕೇಳುಗನೊಬ್ಬನು ‘ನರಿ ತಿಂದಿತು’ ಎಂಬ ಮಾತಿಗೆ ಹುಲಿಯನ್ನು ನೆನೆದರೆ ಅದು ಅವನ ಭಾಷೆಗೆ ಸಹಜವೇ.

ಸಂಸ್ಕೃತದ ಕಡೆ ಹೆಸರುಗಳ ಬಾಹುಳ್ಯವಿದೆ. ಅಮರಕೋಶವು ಶಿವಾ, ಗೋಮಾಯು, ಶೃಗಾಲ, ಕ್ರೋಷ್ಟು, ಫೇರು, ಜಂಬುಕ ಮೊದಲಾದ ೧೦ ಹೆಸರುಗಳನ್ನು ಕೊಡುತ್ತದೆ. ಕ್ರೋಷ್ಟು ಎಂಬುದು ಕೂಗುವುದೆಂಬ ಅರ್ಥದ ‘ಕ್ರುಶ್’ ಧಾತುವಿನಿಂದ ಬಂದುದು. ಶೃಗಾಲವು ಪ್ರಾಕೃತದಲ್ಲಿ ‘ಸಿಯಾಲ’ವಾಗಿ ಹಿಂದಿಯ ‘ಸಿಯಾರ್’ ಆಯಿತು. ಇದಕ್ಕೆ ಸಂಬಂಧಿಸಿದ ಪಾರಸಿಯ ‘ಶಗಾಲ್’ ತುರ್ಕಿಯ ಮಾರ್ಗವಾಗಿ ಯೂರೋಪನ್ನು ಸೇರಿ ಇಂಗ್ಲಿಷಿನಲ್ಲಿ ‘ಜಾಕಲ್’ ಎನಿಸಿತು. ‘ಶಿವಾ’ ಶಬ್ದವು ಹೆಣ್ಣು ನರಿಯ ಹೆಸರಾಗಿರುವಂತೆಯೇ ನೇಮಿಜಿನನ ಜನನಿ ಶಿವಾದೇವಿಯ ಹೆಸರಿನಲ್ಲಿಯೂ ಇದೆ. ಒಂದೆಡೆ ಮಂಗಳವಾಚಕ, ಇನ್ನೊಂದೆಡೆ ಶ್ಮಶಾನಮೃಗವಾಚಕ; ಅರ್ಥನಿರ್ಣಯಕ್ಕೆ ಪ್ರಕರಣವೇ ಪ್ರಮಾಣ.

ಇನ್ನು ಮೂಲ ಗಾಹೆಯ ವಿಚಾರ. ವಡ್ಡಾರಾಧನೆಯ ಕಥೆಗಳು ಶಿವಾರ್ಯನ ಭಗವತೀ ಆರಾಧನೆಯ ಗಾಹೆಗಳನ್ನು ಆಶ್ರಯಿಸಿವೆ. ಅವಂತಿಸುಕುಮಾಲನನ್ನು ಕುರಿತ ಗಾಹೆಯಲ್ಲಿ ಶೃಗಾಲವೆಂದಾಗಲಿ ಶಿವಾ ಎಂದಾಗಲಿ ಇಲ್ಲ. ‘ಭಲ್ಲುಕ್ಕೀ’ ಎಂಬ ಶಬ್ದವಿದೆ. ಸಂಸ್ಕೃತದಲ್ಲಿ ‘ಭಲ್ಲೂಕ’ವೆಂದರೆ ಕರಡಿ. ಧ್ವನಿಸಾಮ್ಯವನ್ನೇ ನಂಬಿದವನು ಇಲ್ಲಿ ಹೆಣ್ಣು ಕರಡಿಯನ್ನು ಕಾಣುವನು. ಆದರೆ ಆಚಾರ್ಯ ಹೇಮಚಂದ್ರನು (೧೦೮೮–೧೧೭೨) ದೇಶೀನಾಮಮಾಲೆಯಲ್ಲಿ ‘ಭಲ್ಲೂ’ ಎಂಬುದಕ್ಕೆ ಋಕ್ಷವೆಂದೂ ‘ಭಲ್ಲುಂಕೀ’ ಎಂಬುದಕ್ಕೆ ಶಿವಾ ಎಂದೂ ಬೇರೆಬೇರೆಯಾಗಿ ಅರ್ಥವಿಟ್ಟಿದ್ದಾನೆ. ದೇಶ್ಯಶಬ್ದಗಳ ಸಂಗ್ರಹಕಾರನೇ ಈ ಎರಡನ್ನು ಬೇರ್ಪಡಿಸಿರುವಾಗ ಕರಡಿಯೆಂಬ ಅರ್ಥಕ್ಕೆ ಇಲ್ಲಿ ಎಡೆಯಿಲ್ಲ.

ಭಲ್ಲುಂಕೀ, ಭಲ್ಲುಕ್ಕೀ ಎಂಬ ರೂಪಭೇದಕ್ಕೆ ನಮ್ಮ ಹಸ್ತಪ್ರತಿಗಳ ಲೇಖನಪದ್ಧತಿಯು ಬೆಳಕು ಬೀರಬಲ್ಲದು. ಹಳಗನ್ನಡ ಲಿಪಿಯ ಪ್ರಾಕೃತ ತಾಳೆಗರಿ ಪ್ರತಿಗಳಲ್ಲಿ ದ್ವಿತ್ವವನ್ನು ಒತ್ತಕ್ಷರದಿಂದ ತೋರದೆ ಅಕ್ಷರದ ಹಿಂದೆ ಸೊನ್ನೆಯನ್ನಿಟ್ಟು ಸೂಚಿಸುವ ರೂಢಿಯುಂಟು. ‘ಧಂಮ’ ಎಂದು ಬರೆದಿದ್ದರೆ ‘ಧಮ್ಮ’ ಎಂದು ಓದಬೇಕು. ಅಂತೆಯೇ ‘ಭಲ್ಲುಂಕೀ’ ಎಂಬ ಬರಹವನ್ನು ಅನುಸ್ವಾರವೆಂದೂ ದ್ವಿತ್ವವೆಂದೂ ಓದಲು ಅವಕಾಶವಿದೆ. ಸಂಪಾದಕರು ಒಂದು ರೂಪವನ್ನು ಸ್ವೀಕರಿಸಿದಾಗ ಪ್ರತಿಯಲ್ಲಿರುವ ಸೊನ್ನೆಯನ್ನು ಅಡಿಟಿಪ್ಪಣಿಯಲ್ಲಿ ತೋರಿಸುವುದು ಯುಕ್ತ. ಹಳಗನ್ನಡದಲ್ಲಿ ನರಿಗೆ ‘ಬಳ್ಳು’ ಎಂಬ ಹೆಸರೂ ಇದೆಯಷ್ಟೆ. ಈ ಸಾಮ್ಯವು ಆಕರ್ಷಕವಾದರೂ ಲಕಾರ ಳಕಾರಗಳ ಭೇದವನ್ನು ಮರೆತು ಎರಡನ್ನೂ ಒಂದೇ ಎಂದು ಸಾಧಿಸಲು ಹೊರಡುವುದು ಸಲ್ಲದು. ಕರಡಿಯ ವಿಷಯದಲ್ಲಿ ಹಾದಿ ತಪ್ಪಿಸುವುದೂ ಇಂತಹ ಸಾಮ್ಯವೇ ಅಲ್ಲವೆ?

ಪರಂಪರೆಯ ಸಾಕ್ಷ್ಯವೂ ನರಿಯ ಪಕ್ಷದಲ್ಲಿದೆ. ಶ್ವೇತಾಂಬರ ಸಂಪ್ರದಾಯದ ಪರಿಶಿಷ್ಟಪರ್ವದಲ್ಲಿಯೂ ಅವಂತಿಸುಕುಮಾಲನನ್ನು ಭಕ್ಷಿಸುವುದು ಮರಿಗಳಿಂದ ಕೂಡಿದ ಹೆಣ್ಣು ನರಿಯೇ.

ಪ್ರಾಣಿ ಯಾವುದಾದರೇನು, ಉಪಸರ್ಗವನ್ನು ಸಹಿಸಿದುದೇ ಮುಖ್ಯವಲ್ಲವೆ ಎಂದು ಕೇಳಬಹುದು. ಗಾಹೆಯು ಮೂರು ರಾತ್ರಿಗಳ ಕಾಲ ತಿನ್ನಲ್ಪಟ್ಟನೆಂದು ಹೇಳುತ್ತದೆ. ಹುಲಿಯಾಗಿದ್ದರೆ ಒಂದೇ ಏಟಿಗೆ ಆಯುಷ್ಯ ತೀರುತ್ತಿತ್ತು. ಸಣ್ಣ ಮೃಗವು ಮರಿಗಳೊಡನೆ ಕಾಲಿನಿಂದ ತೊಡಗಿ ಮೆಲ್ಲಮೆಲ್ಲನೆ ತಿಂದುದರಿಂದಲೇ ವೇದನೆ ದೀರ್ಘವಾಯಿತು. ವೇದನೆ ದೀರ್ಘವಾದುದರಿಂದಲೇ ಆ ಸಮಭಾವದ ಮಹತ್ತ್ವ ವ್ಯಕ್ತವಾಯಿತು. ಕಾಲಿನಿಂದ ತೊಡಗುವುದಕ್ಕೂ ಕಾರಣವುಂಟು. ವಾಯುಭೂತಿಯ ಜನ್ಮದಲ್ಲಿ ಅವನು ಅತ್ತಿಗೆಯನ್ನು ಒದೆದಿದ್ದನು. ಆ ಕಾಲನ್ನು ತಿನ್ನುವೆನೆಂದು ನಿದಾನಗೈದ ಅವಳೇ ಭವಾಂತರದಲ್ಲಿ ನರಿಯಾಗಿ ಹುಟ್ಟಿದಳು. ಮೃಗವನ್ನು ಬದಲಾಯಿಸಿದರೆ ಕರ್ಮಫಲದ ಈ ಕ್ರಮವೇ ಸಡಿಲುತ್ತದೆ.

ಇಂಗ್ಲಿಷಿಗೆ ಅನುವಾದಿಸುವವರಿಗೂ ಇಲ್ಲಿ ಎಚ್ಚರಿಕೆ ಬೇಕು. ಇಂದಿನ ಕನ್ನಡದಲ್ಲಿ ‘ಫಾಕ್ಸ್’ ಎಂಬುದಕ್ಕೂ ನರಿಯೆಂದೇ ಹೇಳುತ್ತೇವೆ. ನಮ್ಮ ಬಯಲುಸೀಮೆಯ ಫಾಕ್ಸ್ ಹುಳುಹುಪ್ಪಟೆ, ಇಲಿ, ಹಣ್ಣುಗಳನ್ನು ತಿಂದು ಬದುಕುವ ಸಣ್ಣ ಜೀವಿ. ಹೆಣ ತಿನ್ನುವ, ಕೂಗಿನಿಂದಲೇ ಹೆಸರಾದ ಶ್ಮಶಾನಮೃಗವು ಜಾಕಲ್. ಕಥೆಗೆ ಒಪ್ಪುವುದು ಇದೇ.

ವಡ್ಡಾರಾಧನೆಯನ್ನು ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಆರಾಧನಾಕಥೆಗಳ ಇನ್ನೊಂದು ಆಕರವಾದ ಹರಿಷೇಣನ ಬೃಹತ್ಕಥಾಕೋಶವನ್ನು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರದ ಪ್ರಾಧ್ಯಾಪಕರಾದ ಆ. ನೇ. ಉಪಾಧ್ಯೆಯವರು ೧೯೪೩ರಲ್ಲಿ ಸಂಪಾದಿಸಿದ್ದರು. ಈ ಕಥೆಯ ಪ್ರತಿಗಳಿಗೆ ಸೂಚಿಯನ್ನಾಗಲಿ ಅನುವಾದವನ್ನಾಗಲಿ ಸಿದ್ಧಪಡಿಸುವವರು ಗಾಹೆ, ದೇಶೀಕೋಶ, ಕಥಾಪರಂಪರೆ ಈ ಮೂರನ್ನೂ ಕೂಡಿಸಿ ನೋಡಿ ಅರ್ಥವನ್ನು ನಿರ್ಣಯಿಸುವುದು ಉಚಿತ. ಮೂರೂ ಇಲ್ಲಿ ಒಂದೇ ಮೃಗವನ್ನು ತೋರಿಸುತ್ತವೆ.