ಸಂಕೇತದ ಕಣ್ಣು

ಹೋದ ವರ್ಷ ನಮ್ಮ ಶಾಲೆಯ ಬಾಲಕಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ಕಡೆಯ ದಿನ ಹೋಗದೆ ಉಳಿಯಿತು. ಆಕೆಯ ತಂದೆ ತಾಂಡೂರಿನ ಕಡೆಯ ಕಲ್ಲುಗಣಿಯಲ್ಲಿ ದುಡಿಯುವವರು. ಆ ದಿನದ ಕೂಲಿ ಬಿಟ್ಟು ಬಂದು ಸಂಜೆಯವರೆಗೂ ನಮ್ಮ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಪೆಟ್ಟಿಗೆಯ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ತಪ್ಪು ನಮ್ಮದೇ ಎಂಬುದನ್ನು ಮೊದಲೇ ಒಪ್ಪಿಕೊಂಡು, ಅದು ಎಂಥ ತಪ್ಪೆಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಧಾರೂರಿನ ಸೀಮೆಯ ನಮ್ಮ ಶಾಲೆಯಲ್ಲಿ ಅಂತರ್ಜಾಲದ ಸಂಪರ್ಕ ಬಂದಿರುವುದು ಕಚೇರಿಯ ಕೋಣೆಗೆ. ಕಂಪ್ಯೂಟರುಗಳಿರುವುದು ಆಟದ ಬಯಲಿನ ಆಚೆಯ ಹೊಸ ಕಟ್ಟಡದಲ್ಲಿ. ಬಲ್ಲವರನ್ನು ಕೇಳುವ ಗೋಜಿಗೆ ಹೋಗದೆ, ನಾವೇ ಅಂಗಡಿಯಿಂದ ಉದ್ದನೆಯ ಕೇಬಲ್ ತಂದು, ಗೋಡೆಯಂಚಿನಲ್ಲಿ ಹಾಯಿಸಿ, ನಾಲ್ಕು ಕಾಸು ಉಳಿಸಿದೆವೆಂದು ಬೀಗಿದ್ದೆವು. ಕೆಲಸ ಕೆಟ್ಟಾಗ ಹೊರಗಿನ ಲೈನನ್ನು ಶಂಕಿಸಿ, ಹೆಚ್ಚಿನ ವೇಗಕ್ಕೆಂದು ಹೆಚ್ಚು ಹಣ ಕಟ್ಟಿದ್ದೂ ಆಯಿತು. ಪ್ರಯೋಜನವಾಗಲಿಲ್ಲ.

ಬೆಂಗಳೂರಿನಲ್ಲಿ ಸಂಕೇತಗಳನ್ನು ಪರೀಕ್ಷಿಸುವ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬ ದಸರೆಗೆ ಊರಿಗೆ ಬಂದಾಗ ಈ ಸಂಗತಿಯನ್ನು ಹೇಳಿದೆವು. ಆತ ಕೇಳಿದ್ದು ಒಂದೇ ಪ್ರಶ್ನೆ: “ಗುರುಗಳೇ, ಕೇಬಲ್ ಎಷ್ಟು ಉದ್ದವಿದೆ?” ಅಳೆದಾಗ 150 ಮೀಟರು. ಈ ಬಗೆಯ ತಾಮ್ರದ ಕೇಬಲನ್ನು 100 ಮೀಟರಿಗಿಂತ ಹೆಚ್ಚು ಒಂದೇ ಎಳೆಯಲ್ಲಿ ಎಳೆಯಬಾರದೆಂಬ ನಿಯಮವಿದೆಯಂತೆ. “ದೀಪ ಉರಿಯುತ್ತಿತ್ತಲ್ಲಪ್ಪಾ?” ಎಂದೆವು. “ದೀಪ ಉರಿದರೆ ಕಣ್ಣು ತೆರೆದಿದೆ ಎಂದಲ್ಲ ಗುರುಗಳೇ” ಎಂದವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಥೇಟು ಬಿಡಿಸಿಟ್ಟ ಕಣ್ಣಿನಂತೆಯೇ ಇತ್ತು. ಅದಕ್ಕೆ ಐ ಡಯಾಗ್ರಾಮ್ ಎಂದೇ ಹೆಸರು.

ಈ ಕಣ್ಣು ಮೂಡುವ ಬಗೆ ಹೀಗೆ. ತಂತಿಯಲ್ಲಿ ಸಂದೇಶವು ಒಂದು ಮತ್ತು ಸೊನ್ನೆ ಎಂಬ ಬಿಟ್‌ಗಳಾಗಿ ಹರಿಯುತ್ತದೆ. ವಿದ್ಯುತ್ತು ಏರಿದರೆ ಒಂದು, ಇಳಿದರೆ ಸೊನ್ನೆ. ಆಸಿಲೋಸ್ಕೋಪ್ ಎಂಬ ಉಪಕರಣದ ಪರದೆಯಲ್ಲಿ ಈ ಏರಿಳಿತ ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ಒಂದೆರಡು ಬಿಟ್‌ಗಳ ಅವಧಿಗೆ ಸರಿಯಾಗಿ ತುಂಡರಿಸಿ, ಸಾವಿರಾರು ತುಂಡುಗಳನ್ನು ಒಂದರ ಮೇಲೊಂದು ಹೇರಬೇಕು. ಮಕ್ಕಳು ಎಣ್ಣೆಕಾಗದದಲ್ಲಿ ಬರೆದ ಒಂದೇ ಅಕ್ಷರವನ್ನು ಜೋಡಿಸಿ ಬೆಳಕಿಗೆ ಹಿಡಿದಂತೆ. ಒಂದಾಗಿಯೇ ಉಳಿದವು ಮೇಲಿನ ರೆಪ್ಪೆಯಾಗುತ್ತವೆ, ಸೊನ್ನೆಯಾಗಿ ಉಳಿದವು ಕೆಳಗಿನ ರೆಪ್ಪೆ. ಏರುವ, ಇಳಿಯುವ ಗೆರೆಗಳು ಕತ್ತರಿಯಂತೆ ಹಾಯ್ದು ಕಣ್ಣಿನ ಎರಡು ಕೊನೆಗಳಾಗುತ್ತವೆ. ನಡುವಿನ ಬಯಲೇ ಕಣ್ಣಿನ ತೆರವು. ಅತ್ತ ಕಡೆಯ ಯಂತ್ರ ಆ ತೆರವಿನ ನಡುಮಧ್ಯದ ಕ್ಷಣದಲ್ಲಿ ನೋಡಿ, ಬಂದದ್ದು ಒಂದೋ ಸೊನ್ನೆಯೋ ಎಂದು ತೀರ್ಮಾನಿಸುತ್ತದೆ. ತೆರವು ಎತ್ತರವಾಗಿದ್ದರೆ ಹೊರಗಿನ ಗದ್ದಲವನ್ನು ತಾಳಬಲ್ಲದು. ಅಗಲವಾಗಿದ್ದರೆ ಕ್ಷಣವೊಂದು ಹಿಂದುಮುಂದಾದರೂ ನಡೆದೀತು. (ನಮ್ಮ ಕೇಬಲಿನಲ್ಲಿ ವಿದ್ಯುತ್ತಿನ ಮಟ್ಟಗಳು ಮೂರಾದುದರಿಂದ ಒಂದರ ಮೇಲೊಂದು ಎರಡು ಕಣ್ಣು ಎಂದೂ ಶಿಷ್ಯ ತಿದ್ದಿದ. ಮೇಷ್ಟರನ್ನು ತಿದ್ದುವ ಅವಕಾಶವನ್ನು ಯಾವ ಶಿಷ್ಯ ಬಿಟ್ಟಾನು!)

ಹಾಗಾದರೆ ಕಣ್ಣು ಮುಚ್ಚುವುದೇಕೆ? ಬಾವಿಯೊಳಗೆ ಬಾಗಿ ಕೂಗಿದವರಿಗೆಲ್ಲ ಇದರ ಅನುಭವವಿದೆ. ಒಂದೊಂದೇ ಅಕ್ಷರವನ್ನು ತಡೆದು ಕೂಗಿದರೆ ಕೆಳಗಿರುವವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಿರುಸಾಗಿ ಕೂಗಿದರೆ ಹಿಂದಿನ ಅಕ್ಷರದ ಮಾರ್ದನಿ ಮುಂದಿನದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಇನ್ನೂ ಗಟ್ಟಿಯಾಗಿ ಕೂಗೋಣವೆಂದರೆ ಮಾರ್ದನಿಯೂ ಅಷ್ಟೇ ಗಟ್ಟಿ! ತಂತಿಯೂ ಹಾಗೆಯೇ. ನಿಧಾನವಾದ ಏರಿಳಿತವನ್ನು ಹೊತ್ತೊಯ್ದಷ್ಟು ಸಲೀಸಾಗಿ ಬಿರುಸಿನದನ್ನು ಅದು ಒಯ್ಯಲಾರದು. ಎಷ್ಟು ಬಿರುಸಿನವರೆಗೆ ಒಯ್ಯಬಲ್ಲದೋ ಆ ಹರವಿಗೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಅದು ಸಾಲದಾದಾಗ ಚೌಕಾಕಾರದ ಮಿಡಿತದ ಮೂಲೆಗಳು ಸವೆದು, ಬಾಲ ಬೆಳೆದು, ಪಕ್ಕದ ಮಿಡಿತದ ಮೇಲೆ ಚಾಚುತ್ತದೆ, ರೆಪ್ಪೆಗಳು ಸಮೀಪಿಸುತ್ತವೆ. ಕೇಬಲ್ ಉದ್ದವಾದಷ್ಟೂ ಈ ದೋಷ ಹೆಚ್ಚು. ಹಳೆಯ ದೂರವಾಣಿಯಲ್ಲಿ ಸಕಾರ ಫಕಾರಗಳು ಒಂದೇ ಆಗಿ ಕೇಳುತ್ತಿದ್ದುದೂ ಹರವಿನ ಕೊರತೆಯಿಂದಲೇ. ಅದು ಸೆಕೆಂಡಿಗೆ 300ರಿಂದ 3400ರವರೆಗಿನ ಕಂಪನಗಳನ್ನಷ್ಟೇ ದಾಟಿಸುತ್ತಿತ್ತು.

ಅಮೆರಿಕದ ದೂರವಾಣಿ ಸಂಸ್ಥೆಯಲ್ಲಿದ್ದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು: ಹರವಿನ ಎರಡರಷ್ಟಕ್ಕಿಂತ ಹೆಚ್ಚು ಮಿಡಿತಗಳನ್ನು ಸೆಕೆಂಡಿಗೆ, ಒಂದು ಇನ್ನೊಂದರ ಮೇಲೆ ಬೀಳದಂತೆ, ಕಳಿಸಲಾಗದು. ಈ ಲೆಕ್ಕ ತಿಳಿಯದ ಕಾಲದಲ್ಲಿ ನಡೆದುದನ್ನು ಕೇಳಿ. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಮೊದಲ ತಂತಿ ಹಾಕಿದಾಗ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶಕ್ಕೆ ಸುಮಾರು 16 ಗಂಟೆ ಹಿಡಿಯಿತು. ಉದ್ದದ ತಂತಿಯಲ್ಲಿ ಮಿಡಿತಗಳು ಹರಡಿಕೊಳ್ಳುವುದನ್ನು ವಿಲಿಯಂ ಥಾಮ್ಸನ್ ಮೊದಲೇ ಗಣಿತದಿಂದ ತೋರಿಸಿದ್ದರು. ತಂತಿಯ ಹೊಣೆ ಹೊತ್ತ ವೈಟ್‌ಹೌಸ್ ಅವರು ಅದಕ್ಕೆ ಕಿವಿಗೊಡದೆ ಸುಮಾರು 2000 ವೋಲ್ಟಿನ ವಿದ್ಯುತ್ತನ್ನು ನುಗ್ಗಿಸಿದರು. ಕೆಲವೇ ವಾರಗಳಲ್ಲಿ ತಂತಿ ಮೂಕವಾಯಿತು. ಹೆಚ್ಚು ಹಣ ಕಟ್ಟಿ ಹೆಚ್ಚಿನ ವೇಗ ಕೊಂಡ ನಮಗೆ ಅವರನ್ನು ನೋಡಿ ನಗುವ ಅಧಿಕಾರವಿಲ್ಲ.

ಕಣ್ಣು ಪೂರ್ತಿ ಮುಚ್ಚುವ ಮೊದಲೇ ನಡುದಾರಿಯಲ್ಲಿ ಒಬ್ಬ ಓದಿ, ಹೊಸದಾಗಿ ಬರೆದು ಮುಂದಕ್ಕೆ ಕಳಿಸುವುದು ಇದಕ್ಕೆ ಮದ್ದು. ಟೆಲಿಗ್ರಾಫಿನ ದೂರದ ಸಾಲುಗಳಲ್ಲಿ ರಿಲೇಗಳು ಮಾಡುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ನಮ್ಮೂರನ್ನು ಹಾದುಹೋಗುವ ವಾಡಿ–ಸಿಕಂದರಾಬಾದ್ ರೈಲುಮಾರ್ಗ 1874ರಲ್ಲಿ ತೆರೆದಾಗ ಇದ್ದುದು ಆ ತಂತಿಯ ಯುಗವೇ. ಸಾರ್ವಜನಿಕರ ತಂತಿ ಸಂದೇಶ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಡಿಜಿಟಲ್ ಕಾಲದಲ್ಲೂ ಉಪಾಯ ಬದಲಾಗಲಿಲ್ಲ. ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಡಿಜಿಟಲ್ ದೂರವಾಣಿ ಕೇಂದ್ರ 1986ರಲ್ಲಿ ನಮ್ಮ ಕನ್ನಡನಾಡಿನ ಕಿತ್ತೂರಿನಲ್ಲೇ ಕೆಲಸ ಆರಂಭಿಸಿತೆಂಬುದು ಹೆಮ್ಮೆಯ ವಿಷಯ. ಡಿಜಿಟಲ್ ದೂರವಾಣಿಯಲ್ಲಿ ಒಂದು ಧ್ವನಿಗೆ ಸೆಕೆಂಡಿಗೆ 64,000 ಬಿಟ್‌ಗಳು. ಅಂಥ 30 ಮಾತುಕತೆಗಳನ್ನು ಒಟ್ಟಿಗೆ ತಾಮ್ರದ ತಂತಿಯಲ್ಲಿ ಒಯ್ಯುವಾಗ ಸುಮಾರು ಎರಡು ಕಿಲೋಮೀಟರಿಗೊಂದರಂತೆ ಓದಿ ಬರೆಯುವ ರಿಪೀಟರ್ ಪೆಟ್ಟಿಗೆಗಳನ್ನು ಇಡುತ್ತಿದ್ದರು.

ಶಿಷ್ಯ ನಮ್ಮ ಕೇಬಲನ್ನು ಬಿಸಿಯೂಟದ ಕೋಣೆಯ ಬಳಿ ಕತ್ತರಿಸಿ, ನಡುವೆ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯನ್ನು ಕೂರಿಸಿದ. ಅದಕ್ಕೆ ತಗುಲಿದ ವೆಚ್ಚ, ನಾವು ವೇಗಕ್ಕೆಂದು ವ್ಯರ್ಥವಾಗಿ ಕಟ್ಟಿದ್ದಕ್ಕಿಂತ ಕಡಿಮೆ. ಒಲೆಯ ಹೊಗೆ ತಾಗದಿರಲೆಂದು ಅಡುಗೆಯ ಅಮ್ಮನವರು ಅದಕ್ಕೊಂದು ಹಳೆಯ ಡಬ್ಬಿಯನ್ನು ಮರೆಮಾಡಲು ಬಂದಾಗ, ಗಾಳಿಯಾಡಬೇಕೆಂದು ಹೇಳಿ, ಡಬ್ಬಿಗೆ ಮೊಳೆಯಿಂದ ತೂತು ಹೊಡೆಸಿದೆವು.

ಈ ವರ್ಷ ಅದೇ ಬಾಲಕಿಯ ಅರ್ಜಿ ಕಡೆಯ ದಿನಕ್ಕೆ ಒಂಬತ್ತು ದಿನ ಮೊದಲೇ ಹೋಯಿತು. ಹೋದ ವರ್ಷದ ಹಣ ಮಾತ್ರ ಬರುವಂತಿಲ್ಲ. ಸ್ವೀಕೃತಿಯ ಕಾಗದವನ್ನು ಆಕೆಯ ತಂದೆ ಎರಡು ಬಾರಿ ಓದಿಸಿಕೊಂಡು, ಮಡಿಚಿ ಅಂಗಿಯ ಒಳಜೇಬಿನಲ್ಲಿಟ್ಟು, ಮಧ್ಯಾಹ್ನದ ಪಾಳಿಗೆ ಹೊರಟರು.