ಬಾನುಲಿಯ ಧ್ವನಿಯನ್ನು ಹದಗೊಳಿಸುವ ಡಿಜಿಟಲ್ ಸಂಸ್ಕಾರಕ

ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುವಾಗ ವಾಹನದಲ್ಲಿ 101.8 ಮೆಗಾಹರ್ಟ್ಸ್‌ನ ವಿಜಯಪುರ ಆಕಾಶವಾಣಿಯನ್ನು ಹಾಕಿ ನೋಡಿ. ಎಂಜಿನ್ನಿನ ಗದ್ದಲದ ನಡುವೆಯೂ ಉದ್ಘೋಷಕರ ಒಂದೊಂದು ಪದವೂ ತಿಳಿಯುತ್ತದೆ. ಇನ್ನು ನಿಮ್ಮ ಶಾಲೆಯ ವಾರ್ಷಿಕೋತ್ಸವದ ಧ್ವನಿಮುದ್ರಣವನ್ನು ಅದೇ ಸ್ಪೀಕರಿನಲ್ಲಿ ಕೇಳಿಸಿ. ಮೆಲ್ಲಗೆ ಆಡಿದ ಮಾತು ಗದ್ದಲದಲ್ಲಿ ಮುಳುಗುತ್ತದೆ; ವಾಲ್ಯೂಮ್ ಹೆಚ್ಚಿಸಿದಿರೋ, ಮುಂದಿನ ಚಪ್ಪಾಳೆ ಕಿವಿಗಡಚಿಕ್ಕುತ್ತದೆ. ಈ ವ್ಯತ್ಯಾಸಕ್ಕೆ ಉದ್ಘೋಷಕರ ಕಂಠವಷ್ಟೇ ಕಾರಣವಲ್ಲ. ಸ್ಟುಡಿಯೊಗೂ ಪ್ರೇಷಕಕ್ಕೂ ನಡುವೆ ಕುಳಿತಿರುವ ಧ್ವನಿ ಸಂಸ್ಕಾರಕ, ಅಂದರೆ ಆಡಿಯೊ ಪ್ರೊಸೆಸರ್, ಕೂಡ ಕಾರಣ.

ಎಫ್‌ಎಂ ಪ್ರಸಾರದಲ್ಲಿ ಧ್ವನಿಗೆ ಒಂದು ಮಾಳಿಗೆ, ಒಂದು ನೆಲ ಇವೆ. ಧ್ವನಿ ಜೋರಾದಷ್ಟೂ ವಾಹಕ ತರಂಗದ ಆವೃತ್ತಿ ಅತ್ತಿತ್ತ ಹೆಚ್ಚು ಸರಿಯುತ್ತದೆ. ಈ ಸರಿತ 75 ಕಿಲೋಹರ್ಟ್ಸ್ ಮೀರಬಾರದು ಎಂಬುದು ನಿಯಮ. ಅಂದರೆ 101.8 ಮೆಗಾಹರ್ಟ್ಸ್‌ನ ಕೇಂದ್ರವು 101.725ರಿಂದ 101.875ರ ಒಳಗೇ ಓಡಾಡಬೇಕು. ಇದು ಮಾಳಿಗೆ. ನೆಲವನ್ನು ನಿರ್ಧರಿಸುವುದು ಕೇಳುಗನ ಪರಿಸರ: ಟ್ರ್ಯಾಕ್ಟರಿನ ಸದ್ದು, ಗಿರಣಿಯ ಸದ್ದು, ಪ್ರೇಷಕದಿಂದ ದೂರ ಸರಿದಂತೆ ಮೇಲೇಳುವ ‘ಹಿಸ್’ ಸದ್ದು. ಇವೆರಡರ ನಡುವಿನ ಕಿರಿದಾದ ಅಂತರದಲ್ಲಿ ಪಿಸುಮಾತೂ ನಗಾರಿಯೂ ಹಿಡಿಸಬೇಕು.

ಈ ಕೆಲಸದ ಹೃದಯಭಾಗವೇ ಕಂಪ್ರೆಸರ್. ಒಂದು ಲೆಕ್ಕ ಮಾಡೋಣ. ಡಿಜಿಟಲ್ ಧ್ವನಿಯ ಗರಿಷ್ಠ ಮಟ್ಟವನ್ನು 0 ಡೆಸಿಬೆಲ್ ಎನ್ನುತ್ತಾರೆ. ಉಳಿದ ಮಟ್ಟಗಳೆಲ್ಲ ಋಣ ಸಂಖ್ಯೆಗಳು. ಪಿಸುಮಾತು -40ರಲ್ಲಿ, ಕೂಗು -8ರಲ್ಲಿ ಇರಲಿ; ಅಂತರ 32 ಡೆಸಿಬೆಲ್. ಕಂಪ್ರೆಸರಿನ ಹೊಸ್ತಿಲನ್ನು -20ಕ್ಕೆ, ಅನುಪಾತವನ್ನು 3:1ಕ್ಕೆ ಇಡೋಣ. ಕೂಗು ಹೊಸ್ತಿಲನ್ನು 12 ಡೆಸಿಬೆಲ್ ದಾಟಿದೆ. ಅದರ ಮೂರನೇ ಒಂದು ಭಾಗ, 4 ಮಾತ್ರ ಉಳಿದು -16ಕ್ಕೆ ಇಳಿಯುತ್ತದೆ. ಪಿಸುಮಾತು ಇದ್ದಲ್ಲಿಯೇ ಇರುತ್ತದೆ. ಈಗ ಒಟ್ಟು ಧ್ವನಿಯನ್ನು 13 ಡೆಸಿಬೆಲ್ ಎತ್ತಿದರೆ ಕೂಗು -3ಕ್ಕೆ, ಪಿಸುಮಾತು -27ಕ್ಕೆ ಬರುತ್ತದೆ. ಪಿಸುಮಾತಿನ ಶಕ್ತಿ ಸುಮಾರು 20 ಪಟ್ಟು ಹೆಚ್ಚಿತು. ಆದರೂ ಮಾಳಿಗೆಗೆ ಯಾವುದೂ ತಾಗಲಿಲ್ಲ.

ಒಂದೇ ಕಂಪ್ರೆಸರ್ ಸಾಲದು. ನಮ್ಮ ಭಾಗದ ಡೊಳ್ಳಿನ ಪದಗಳನ್ನೇ ತೆಗೆದುಕೊಳ್ಳಿ. ಡೊಳ್ಳಿಗೆ ಪೆಟ್ಟು ಬಿದ್ದಾಗಲೆಲ್ಲ ಕಂಪ್ರೆಸರ್ ಇಡೀ ಧ್ವನಿಯನ್ನು ತಗ್ಗಿಸುವುದರಿಂದ ಹಾಡುಗಾರನ ಕಂಠ ಪಂಪಿನಂತೆ ಏರಿಳಿಯುತ್ತದೆ. ಆದ್ದರಿಂದ ಧ್ವನಿಯನ್ನು ಆವೃತ್ತಿಯ ಪ್ರಕಾರ ನಾಲ್ಕೈದು ಪಟ್ಟಿಗಳಾಗಿ ಸೀಳಿ, ಡೊಳ್ಳಿನ ಮಂದ್ರ, ಕಂಠ, ತಾಳದ ಕಿಣಿಕಿಣಿ ಇವಕ್ಕೆ ಬೇರೆ ಬೇರೆ ಕಂಪ್ರೆಸರ್ ಇಟ್ಟು ಮತ್ತೆ ಕೂಡಿಸುತ್ತಾರೆ.

ತಾಳದಿಂದ ಇನ್ನೊಂದು ತೊಡಕೂ ಇದೆ. ‘ಹಿಸ್’ ಸದ್ದನ್ನು ಅಡಗಿಸಲೆಂದು ಎಫ್‌ಎಂನಲ್ಲಿ ಉಚ್ಚ ಆವೃತ್ತಿಗಳನ್ನು ಮೊದಲೇ ಎತ್ತಿ ಕಳುಹಿಸಿ, ರೇಡಿಯೊದಲ್ಲಿ ಅಷ್ಟೇ ಇಳಿಸುತ್ತಾರೆ. ಭಾರತದಲ್ಲಿ ಇದರ ಕಾಲ ಸ್ಥಿರಾಂಕ 50 ಮೈಕ್ರೋಸೆಕೆಂಡ್. ಏರಿಕೆ ಸುಮಾರು 3.2 ಕಿಲೋಹರ್ಟ್ಸ್ ಬಳಿ ಶುರುವಾಗಿ 15 ಕಿಲೋಹರ್ಟ್ಸ್‌ನಲ್ಲಿ 13.7 ಡೆಸಿಬೆಲ್ ಮುಟ್ಟುತ್ತದೆ. ಆಗ ತಾಳದ ನಾದವೂ ‘ಸ’ಕಾರ, ‘ಶ’ಕಾರಗಳೂ ಮಾಳಿಗೆಗೆ ಬಡಿಯುತ್ತವೆ. ತರಂಗದ ತಲೆಯನ್ನು ಕತ್ತರಿಸಿದರಾಯಿತು ಎನ್ನುತ್ತೀರಾ? 6 ಕಿಲೋಹರ್ಟ್ಸ್‌ನ ಸೈನ್ ತರಂಗವನ್ನು ಹಾಗೆ ಕತ್ತರಿಸಿದರೆ 18 ಕಿಲೋಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ ಹುಟ್ಟುತ್ತದೆ. ಸ್ಟೀರಿಯೊ ಪ್ರಸಾರದ 19 ಕಿಲೋಹರ್ಟ್ಸ್ ಪೈಲಟ್ ಸಂಕೇತ ಅದರ ಪಕ್ಕದಲ್ಲೇ ಇದೆ. ಆದ್ದರಿಂದ ಕತ್ತರಿಸುವುದು, ಸೋಸುವುದು, ಸ್ಟೀರಿಯೊ ಸಂಕೇತ ಕಟ್ಟುವುದು ಇವು ಒಂದನ್ನೊಂದು ಅರಿತು ನಡೆಯಬೇಕು. ಅಮೆರಿಕದ ರಾಬರ್ಟ್ ಓರ್ಬನ್ 1975ರಲ್ಲಿ ಇವೆಲ್ಲವನ್ನೂ ಒಂದೇ ಪೆಟ್ಟಿಗೆಗೆ ತಂದು ‘ಆಪ್ಟಿಮಾಡ್’ ಎಂದು ಹೆಸರಿಟ್ಟರು. ಅದು ಅನಲಾಗ್ ಯಂತ್ರ.

ಡಿಜಿಟಲ್ ಆದುದರಿಂದ ಬಂದ ದೊಡ್ಡ ಲಾಭ, ನನ್ನ ದೃಷ್ಟಿಯಲ್ಲಿ, ಮುನ್ನೋಟ. ಧ್ವನಿ ಸೆಕೆಂಡಿಗೆ 48,000 ಸಂಖ್ಯೆಗಳಾಗಿ ಬರುತ್ತದೆ. ಅದನ್ನು 2 ಮಿಲಿಸೆಕೆಂಡ್ ತಡೆದು ನಿಲ್ಲಿಸಿದರೆ 96 ಸಂಖ್ಯೆಗಳು ನೆನಪಿನಲ್ಲಿ ಉಳಿಯುತ್ತವೆ. ಬರಲಿರುವ ಪೆಟ್ಟನ್ನು ಸಂಸ್ಕಾರಕ ಮೊದಲೇ ಕಂಡು, ಅದು ತಲುಪುವ ಹೊತ್ತಿಗೆ ಧ್ವನಿಯನ್ನು ನಯವಾಗಿ ತಗ್ಗಿಸಿರುತ್ತದೆ. ಇಂಥ ವಿಳಂಬಗಳು ಕೂಡಿ ಕೆಲವು ಯಂತ್ರಗಳಲ್ಲಿ ಹತ್ತಾರು ಮಿಲಿಸೆಕೆಂಡ್ ಆಗುವುದುಂಟು. ಆಗ ಉದ್ಘೋಷಕರು ಪ್ರಸಾರವಾದ ತಮ್ಮದೇ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮಾತನಾಡಿದರೆ ತಡವರಿಸುತ್ತಾರೆ!

ಇಷ್ಟಾದರೂ ಯಂತ್ರಕ್ಕೆ ಸಂಗೀತ ತಿಳಿಯದು. ಹೊಸ್ತಿಲು, ಅನುಪಾತಗಳನ್ನು ಇಡುವವರು ಎಂಜಿನಿಯರರೇ. ಚಿತ್ರಗೀತೆಗೂ ಬೆಳೆಯ ಮಾತುಕತೆಗೂ ಒಪ್ಪುವ ಬಿಗಿ ಹದವನ್ನೇ ಕಿರಾನಾ ಘರಾಣೆಯ ವಿಲಂಬಿತ ಖಯಾಲಿಗೂ ಇಟ್ಟರೆ, ಗಾಯಕರು ಬೇಕೆಂದೇ ಕ್ಷೀಣವಾಗಿ ಹಿಡಿದ ಷಡ್ಜ ತಾರ ಸ್ಥಾಯಿಯಷ್ಟೇ ಎತ್ತರದಲ್ಲಿ ನಿಲ್ಲುತ್ತದೆ; ನಡುವಿನ ಮೌನದಲ್ಲಿ ತಂಬೂರಿ ಉಬ್ಬಿ ಮೇಲೇಳುತ್ತದೆ. ಪಕ್ಕದ ಕೇಂದ್ರಕ್ಕಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯಲ್ಲಿ ಜಗತ್ತಿನ ಅನೇಕ ಕೇಂದ್ರಗಳು ಈ ತಪ್ಪು ಮಾಡಿವೆ. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಕಾರ್ಯಕ್ರಮದ ಸರಾಸರಿ ಗಟ್ಟಿತನಕ್ಕೆ -23 ಎಂಬ ಮಾನಕವನ್ನು ಸೂಚಿಸಿದ್ದರ ಹಿನ್ನೆಲೆಯೂ ಇದೇ.

ಶಿಕ್ಷಕರು ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಉಚಿತವಾಗಿ ದೊರೆಯುವ ಅಡಾಸಿಟಿ ತಂತ್ರಾಂಶದಲ್ಲಿ ಒಬ್ಬ ವಿದ್ಯಾರ್ಥಿಯ ಪಿಸುಮಾತನ್ನೂ ಕೂಗನ್ನೂ ಮುದ್ರಿಸಿ, ಮೇಲಿನ ಲೆಕ್ಕದ ಹೊಸ್ತಿಲನ್ನೂ ಅನುಪಾತವನ್ನೂ ಕೊಟ್ಟು ಕಂಪ್ರೆಸರ್ ಹಾಯಿಸಿ, ಕೊನೆಗೆ 13 ಡೆಸಿಬೆಲ್ ಎತ್ತಿ. ಮೊದಲಿನ ಮತ್ತು ನಂತರದ ತರಂಗ ಚಿತ್ರಗಳನ್ನು ಒಂದರ ಕೆಳಗೊಂದು ಇಡಿ. ಬಳಿಕ ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಹಿಂದಿನ ಬೆಂಚಿನವರಿಗೆ ಎರಡನ್ನೂ ಕೇಳಿಸಿ. ಆಮೇಲೆ ಫ್ಯಾನ್ ಆರಿಸಿ, ಒಂದು ಆಲಾಪವನ್ನು ಹೀಗೆಯೇ ಎರಡು ಬಗೆಯಲ್ಲಿ ಕೇಳಿಸಿ, ಯಾವುದು ಹಿತವೆಂದು ಅವರನ್ನೇ ಕೇಳಿ.