ಉಪ್ಪಾಗೆಯ ಮಾತ್ರೆ, ಹುರುಳಿಯ ಸಾರು

ಸಕಲೇಶಪುರದಿಂದ ಬಿಸಿಲೆಯತ್ತ ಹೋಗುವ ದಾರಿಯ ನಿತ್ಯಹಸಿರು ಕಾಡಿನಲ್ಲಿ ಮಳೆಗಾಲ ಹಿಡಿದಾಗ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳಕಾಯಿಯಂತೆ ಗೆರೆ ಬಿದ್ದ ಹಳದಿ ಹಣ್ಣು, ನಾಲಿಗೆ ಚುರುಗುಟ್ಟುವಷ್ಟು ಹುಳಿ. ಮಲೆನಾಡಿಗರು ಸಿಪ್ಪೆ ಒಣಗಿಸಿಟ್ಟುಕೊಂಡು ಹುಣಸೆಹಣ್ಣಿನ ಬದಲು ಬಳಸುತ್ತಾರೆ. ಪಕ್ಕದ ಕೊಡಗಿನಲ್ಲಿ ರಸವನ್ನು ಕಪ್ಪಾಗುವವರೆಗೆ ಬತ್ತಿಸಿ ಕಾಚಂಪುಳಿ ಮಾಡಿದರೆ, ಶಿರಸಿ-ಸಿದ್ದಾಪುರದ ಕಡೆ ಬೀಜದಿಂದ ತುಪ್ಪ ತೆಗೆಯುತ್ತಾರೆ. ಹೀಗೆ ಅಡುಗೆಮನೆಯಲ್ಲೇ ಇದ್ದ ಈ ಹಣ್ಣು ತೂಕ ಇಳಿಸುವ ‘ಆಯುರ್ವೇದ’ ಮಾತ್ರೆಯಾಗಿ ಲೋಕವೆಲ್ಲ ಸುತ್ತಿ ಬಂದಿದೆ. ದೇಹದ ತೂಕದ ಬಗ್ಗೆ ಆಯುರ್ವೇದ ನಿಜಕ್ಕೂ ಹೇಳಿದ್ದೇನು, ಅದರ ಹೆಸರಿನಲ್ಲಿ ಮಾರಾಟವಾಗುತ್ತಿರುವುದೇನು ಎಂಬುದನ್ನು ಅರಿಯಲು ಈ ಹಣ್ಣಿನ ಕಥೆಗಿಂತ ಒಳ್ಳೆಯ ದಾರಿ ಇಲ್ಲ.

ಕಥೆ ಶುರುವಾಗುವುದು ಮೈಸೂರಿನಲ್ಲಿ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು ತೋರಿಸಿಕೊಟ್ಟರು. 1970ರ ಸುಮಾರಿಗೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೆ.ಎಂ. ಲೋವೆನ್‌ಸ್ಟೈನ್ ಅವರ ಪ್ರಯೋಗಾಲಯ ಈ ಆಮ್ಲದ ಇನ್ನೊಂದು ಗುಣವನ್ನು ಹೊರಗೆಡವಿತು. ನಾವು ತಿಂದ ಸಕ್ಕರೆ, ಪಿಷ್ಟ ಮಿಕ್ಕಾಗ ಜೀವಕೋಶ ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಆ ದಾರಿಯಲ್ಲಿ ಸಿಟ್ರೇಟನ್ನು ಸೀಳುವ ಕಿಣ್ವವೊಂದಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಆ ಕಿಣ್ವವನ್ನೇ ತಡೆಯುತ್ತದೆ. ಈ ಆಮ್ಲ ಕೊಟ್ಟ ಇಲಿಗಳು ಕಡಿಮೆ ತಿಂದವು, ಕಡಿಮೆ ಕೊಬ್ಬು ಕಟ್ಟಿದವು.

ಮನುಷ್ಯರಲ್ಲಿ ಹಾಗಾಗಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ ತೂಕ ಹೆಚ್ಚಿದ್ದ 135 ಜನರಿದ್ದರು. ಎಲ್ಲರಿಗೂ ಕಡಿಮೆ ಕ್ಯಾಲೊರಿಯ ಊಟ. ಅರ್ಧದಷ್ಟು ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹನ್ನೆರಡು ವಾರಗಳಲ್ಲಿ ಉಪ್ಪಾಗೆಯ ಗುಂಪು ಸರಾಸರಿ 3.2 ಕಿಲೊ ಇಳಿದರೆ ಹುಸಿ ಮಾತ್ರೆಯ ಗುಂಪು 4.1 ಕಿಲೊ ಇಳಿಯಿತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಇಳಿಸಿದ್ದು ಊಟ, ಮಾತ್ರೆಯಲ್ಲ. ಇದಕ್ಕೊಂದು ಕಾರಣವೂ ಗೊತ್ತಿದೆ. ಸಾಮಾನ್ಯ ಊಟ ಮಾಡುವ ಮನುಷ್ಯರ ಮೈಯಲ್ಲಿ ಸಕ್ಕರೆ ನೇರವಾಗಿ ಕೊಬ್ಬಾಗುವುದು ಸ್ವಲ್ಪವೇ. ಸೊಂಟದ ಸುತ್ತ ಕೂರುವ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಎಣ್ಣೆ, ತುಪ್ಪ, ಮಾಂಸ, ಹಾಲಿನ ಮೂಲಕ ಕೊಬ್ಬಾಗಿಯೇ ಒಳಗೆ ಹೋದದ್ದು. ಹೆಚ್ಚು ಬಳಕೆಯಿಲ್ಲದ ದಾರಿಗೆ ಅಡ್ಡ ಕಟ್ಟಿ ಫಲವೇನು?

ಇಷ್ಟಾದರೂ ವ್ಯಾಪಾರ ನಿಲ್ಲಲಿಲ್ಲ. 2012ರಲ್ಲಿ ಅಮೆರಿಕದ ಜನಪ್ರಿಯ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಹೊಗಳಿಕೆ ಸಿಕ್ಕ ಮೇಲೆ ‘ಗಾರ್ಸೀನಿಯಾ’ ಹೆಸರಿನ ಉಪ್ಪಾಗೆ ಮಾತ್ರೆಯ ಡಬ್ಬಿಗಳು ಎಲ್ಲೆಡೆ ಹರಡಿದವು. ಅದರ ಬೆನ್ನಿಗೇ ಯಕೃತ್ತಿಗೆ ಪೆಟ್ಟು ಬಿದ್ದವರ ವರದಿಗಳೂ ಬಂದವು. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲ 2004ರಿಂದ 2018ರ ನಡುವಿನ ಇಂಥ 22 ಪ್ರಕರಣಗಳನ್ನು 2022ರಲ್ಲಿ ವಿವರಿಸಿತು. ಒಂದು ನಿರ್ದಿಷ್ಟ ಜೀನ್ ಇರುವವರಲ್ಲಿ ಅಪಾಯ ಹೆಚ್ಚು ಎಂಬ ಸುಳಿವೂ ಅದರಲ್ಲಿ ಸಿಕ್ಕಿತು. ಸಾರಿಗೆ ಹಾಕುವ ಒಂದೆರಡು ಒಣ ಸಿಪ್ಪೆಯ ಮಾತು ಇದಲ್ಲ. ಆಮ್ಲವನ್ನು ಸಾರತೆಗೆದು, ಸಾಂದ್ರಗೊಳಿಸಿ, ತಿಂಗಳುಗಟ್ಟಲೆ ದಿನಾ ನುಂಗುವುದರ ಮಾತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಸ್ಥೌಲ್ಯದ, ಅಂದರೆ ಅತಿ ದಪ್ಪದ ಚಿಕಿತ್ಸೆಯನ್ನು ವಿವರವಾಗಿ ಹೇಳುತ್ತದೆ. ಅಲ್ಲಿನ ಪಟ್ಟಿಯಲ್ಲಿ ಉಪ್ಪಾಗೆ ಇಲ್ಲವೇ ಇಲ್ಲ.

ಇರುವುದೇನು? ಮೊದಲಿಗೆ ಕಾರಣಗಳು. ಅತಿಯಾಗಿ ಉಣ್ಣುವುದು, ಜಿಡ್ಡು-ಸಿಹಿ-ಜಡವಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಯಾವ ಚಿಂತೆಯೂ ಇಲ್ಲದ ಸುಖಜೀವನ. ಜೊತೆಗೆ ‘ಬೀಜಸ್ವಭಾವ’, ಅಂದರೆ ತಂದೆತಾಯಿಯಿಂದ ಬಂದದ್ದು. ದಪ್ಪಗಿರುವವರನ್ನು ಸೋಮಾರಿಗಳೆಂದು ಇಂದಿಗೂ ಹಂಗಿಸುವ ಸಮಾಜದಲ್ಲಿ ಈ ಕೊನೆಯ ಕಾರಣವನ್ನು ಒತ್ತಿ ಹೇಳಬೇಕು. ತೂಕದ ಏರುಪೇರಿನಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. 2007ರಲ್ಲಿ ಸ್ಥೂಲಕಾಯದೊಂದಿಗೆ ನಂಟಿರುವ ಎಫ್‌ಟಿಒ ಎಂಬ ಜೀನೂ ಪತ್ತೆಯಾಯಿತು. ಅತಿ ದಪ್ಪದವರ ಕಷ್ಟಗಳನ್ನು ಚರಕ ಎಣಿಸುವಾಗ ಕುಗ್ಗುವ ಆಯುಸ್ಸು, ನಿಧಾನವಾಗುವ ನಡೆ, ಅತಿ ಬೆವರಿನ ಜೊತೆಗೆ ಅತಿ ಹಸಿವು, ಅತಿ ಬಾಯಾರಿಕೆಗಳೂ ಬರುತ್ತವೆ. ಕೊನೆಯ ಎರಡನ್ನು ಓದಿದ ಇಂದಿನ ವೈದ್ಯರಿಗೆ ರಕ್ತದ ಸಕ್ಕರೆ ಪರೀಕ್ಷಿಸಬೇಕೆನಿಸೀತು.

ಚಿಕಿತ್ಸೆಯ ತಿರುಳು ಒಂದೇ ಸೂತ್ರದಲ್ಲಿದೆ: ಹೊಟ್ಟೆಗೆ ಭಾರವೆನಿಸುವ, ಆದರೆ ಮೈಗೆ ಹೆಚ್ಚು ಪುಷ್ಟಿ ಕೊಡದ ಆಹಾರ. ನಾರು, ಪ್ರೋಟೀನು ಹೆಚ್ಚಿರುವ, ಹೊಟ್ಟೆ ತುಂಬಿದ ಭಾವ ಬಹಳ ಹೊತ್ತು ಉಳಿಸುವ, ಕ್ಯಾಲೊರಿ ಕಡಿಮೆಯ ಊಟ ಎಂದು ಪೋಷಣಾ ತಜ್ಞರು ಹೇಳುವುದು ಇದಕ್ಕೆ ಬಹಳ ಹತ್ತಿರದ್ದು. ಚರಕ ಹೆಸರಿಸುವ ಧಾನ್ಯಗಳು ಜವೆಗೋಧಿ, ನವಣೆ, ಊದಲು, ಹಾರಕ, ಜೋಳ. ಕಾಳುಗಳಲ್ಲಿ ಹೆಸರು, ತೊಗರಿ, ಹುರುಳಿ. ಜೊತೆಗೆ ಮಜ್ಜಿಗೆಯಿಂದ ಮಾಡಿದ ಅರಿಷ್ಟ, ನೆಲ್ಲಿ, ತ್ರಿಫಲ. ರಾಗಿಯ ಹೆಸರು ಅಲ್ಲಿ ಕಾಣುವುದಿಲ್ಲ.

ಹಾಸನ ಜಿಲ್ಲೆಯ ನಕ್ಷೆಯ ಮೇಲೆ ಈ ಪಟ್ಟಿಯನ್ನು ಹರಡಿದರೆ ಸ್ವಾರಸ್ಯವಿದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆಯ ಸೀಮೆ. ಸಕಲೇಶಪುರ ಅಕ್ಕಿಯ ಸೀಮೆ: ಬೆಳಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಡುವಿನ ಆಲೂರು ಮಲೆನಾಡಿಗೂ ಮೈದಾನಕ್ಕೂ ಸೇರಿದ್ದು. ಅನ್ನ, ಮುದ್ದೆ ಎರಡೂ ಅಲ್ಲಿನ ಊಟ. ಆದರೆ ಹುರುಳಿ ಜಿಲ್ಲೆಯ ಎಲ್ಲ ಕಡೆಯೂ ಇದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಕೊಬ್ಬು ಒಂದು ಗ್ರಾಂಗಿಂತ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬೇಯಿಸಿದ ಕಟ್ಟನ್ನು ಬಸಿದು ಸಾರು ಮಾಡಿ ಕಾಳನ್ನು ದನಕ್ಕಿಟ್ಟರೆ ನಾರೂ ಪ್ರೋಟೀನಿನ ಹೆಚ್ಚಿನ ಪಾಲೂ ದನಕ್ಕೇ ಹೋಗುತ್ತವೆ. ಕಾಳನ್ನು ಪಲ್ಯ, ಉಸಲಿ ಮಾಡಿ ಉಂಡರೆ ಅದರ ಪ್ರಯೋಜನ ಮನುಷ್ಯರಿಗೆ. ಮಳೆಗಾಲದ ಕಳಲೆಯೂ ಹಾಗೆಯೇ. ನೂರು ಗ್ರಾಂನಲ್ಲಿ ಮೂವತ್ತಕ್ಕಿಂತ ಕಡಿಮೆ ಕ್ಯಾಲೊರಿ, ಬೇಕಾದಷ್ಟು ನಾರು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷಾಂಶವಿದೆ. ಹೆಚ್ಚಿ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತ ಎರಡು-ಮೂರು ದಿನ ಬಿಟ್ಟು ಬೇಯಿಸುವ ಮಲೆನಾಡಿನ ಕ್ರಮ ಆ ವಿಷವನ್ನು ತೆಗೆಯುವ ಕ್ರಮ.

ಹಾಗಾದರೆ ಈ ಗುಡ್ಡಗಳಲ್ಲಿ ತೂಕ ಏಕೆ ಏರುತ್ತಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ 30 ಮಂದಿಯ ತೂಕ ಅಳತೆ ಮೀರಿದೆ. ಮಲೆನಾಡು ಇದಕ್ಕೆ ಹೊರತಾಗಿರಲು ಕಾರಣವಿಲ್ಲ. ಊಟ ಬದಲಾದದ್ದಕ್ಕಿಂತ ದುಡಿಮೆ ಬದಲಾದದ್ದೇ ಹೆಚ್ಚು. ಅರುವತ್ತು ಕಿಲೊ ತೂಕದವರ ಮೈ ನೂರು ಮೀಟರ್ ಎತ್ತರ ಹತ್ತಲು ಖರ್ಚು ಮಾಡುವುದು ಸುಮಾರು 55 ಕ್ಯಾಲೊರಿ. ಅರುವತ್ತು ಗ್ರಾಂ ಹಿಟ್ಟಿನ ಒಂದು ಅಕ್ಕಿ ರೊಟ್ಟಿಯಲ್ಲಿ, ಎಣ್ಣೆ ಬಿಟ್ಟು, 200ಕ್ಕೂ ಹೆಚ್ಚು. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಮರಗಸಿ, ಕಾಫಿ ಕೊಯ್ಲು, ತಲೆಹೊರೆ, ಊರಿಂದೂರಿಗೆ ಕಾಲುನಡಿಗೆ ಇದ್ದ ಕಾಲದಲ್ಲಿ ಮೂರು ರೊಟ್ಟಿ ಕರಗುವುದು ದೊಡ್ಡ ಮಾತಾಗಿರಲಿಲ್ಲ. ಈಗ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ, ಕಳೆ ತೆಗೆಯಲು ಯಂತ್ರ ಬಂದಿದೆ, ತೋಟದ ಮಾಲೀಕರು ಜೀಪಿನಲ್ಲಿ ಓಡಾಡುತ್ತಾರೆ. ಬೆಳಗಿನ ವಾಕಿಂಗ್ ಹೋಗಿ ಎಂದು ಪೇಟೆಯ ವೈದ್ಯರು ಹೇಳಿದರೂ ಸಕಲೇಶಪುರ-ಆಲೂರಿನ ಎಷ್ಟೋ ಊರುಗಳಲ್ಲಿ ಕತ್ತಲಲ್ಲಿ ನಡೆಯಲಾಗದು. ಕಾಡಾನೆಗಳ ಭಯ ಅಲ್ಲಿ ದಿನನಿತ್ಯದ್ದು. ಬಿಸಿಲೇರಿದ ಮೇಲೆ ನಡೆಯುವುದು, ಅಂಗಳದಲ್ಲೋ ಕಾಫಿ ಕಣದಲ್ಲೋ ಸುತ್ತು ಹಾಕುವುದು, ತೋಟದ ಒಂದು ಕೆಲಸವನ್ನಾದರೂ ಕೈಯಾರೆ ಮಾಡುವುದು ಇಲ್ಲಿಗೆ ಒಗ್ಗುವ ದಾರಿ.

ಇನ್ನೊಂದು ಬದಲಾವಣೆ ಲೋಟದೊಳಗಿದೆ. ಕಾಫಿಯ ಡಿಕಾಕ್ಷನ್ನಿನಲ್ಲಿ ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಅದಕ್ಕೆ ಬೀಳುವ ಸಕ್ಕರೆ ಹಾಗಲ್ಲ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲದ ಕಾಫಿಯೂ ತೂಕದ ಲೆಕ್ಕದಲ್ಲಿ ಬೇರೆಯಲ್ಲ.

ಜೇನುತುಪ್ಪದ ವಿಷಯ ಬಿಡುವಂತಿಲ್ಲ. ಬೆಳಗೆದ್ದು ಬಿಸಿನೀರಿಗೆ ಜೇನು, ನಿಂಬೆ ಹಿಂಡಿ ಕುಡಿದರೆ ಕೊಬ್ಬು ಕರಗುತ್ತದೆಂಬ ನಂಬಿಕೆ ಹಳ್ಳಿಯಿಂದ ಪೇಟೆಯವರೆಗೆ ಹಬ್ಬಿದೆ. ಸ್ಥೂಲರಿಗೆ ಜೇನು ನೀರನ್ನು ಚರಕ ಹೇಳಿರುವುದು ನಿಜ. ಆದರೆ ಜೇನನ್ನು ಬಿಸಿ ಮಾಡಬಾರದು, ಬಿಸಿಯೊಂದಿಗೆ ಸೇವಿಸಬಾರದು ಎಂದು ಅದೇ ಗ್ರಂಥ ಖಚಿತವಾಗಿ ಹೇಳುತ್ತದೆ. ಆಯುರ್ವೇದವೆಂದು ನಂಬಿ ಮಾಡುವ ಈ ಪದ್ಧತಿ ಆಯುರ್ವೇದಕ್ಕೇ ವಿರುದ್ಧ. ವಿಜ್ಞಾನದ ಕಡೆಯಿಂದ ನೋಡಿದರೆ ಒಂದು ದೊಡ್ಡ ಚಮಚ ಜೇನಿನಲ್ಲಿ ಅರುವತ್ತಕ್ಕೂ ಹೆಚ್ಚು ಕ್ಯಾಲೊರಿ ಇದೆ. ಅದು ಕೊಬ್ಬನ್ನು ಕರಗಿಸುವುದಿಲ್ಲ.

ಗ್ರಂಥದ ಎಲ್ಲ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಸ್ಥೂಲರು ನಿದ್ದೆಗೆಡಬೇಕೆಂದು ಚರಕ ಹೇಳುತ್ತಾರೆ. ಇಂದಿನ ಅರಿವು ಇದಕ್ಕೆ ವಿರುದ್ಧವಾಗಿದೆ. 2004ರಲ್ಲಿ ಷಿಕಾಗೊದಲ್ಲಿ ಹನ್ನೆರಡು ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದಾಗ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಶೇ 28ರಷ್ಟು ಏರಿತು, ಸಾಕೆನ್ನಿಸುವ ಲೆಪ್ಟಿನ್ ಶೇ 18ರಷ್ಟು ಇಳಿಯಿತು. ಹಗಲುನಿದ್ರೆ ಬಿಡಬೇಕೆಂಬುದನ್ನು ಉಳಿಸಿಕೊಂಡು, ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದನ್ನು ಕೈಬಿಡುವುದೇ ಸರಿ.

ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಉಂಡದ್ದು ಅರಗುವ ಮೊದಲು ಮತ್ತೆ ಉಣ್ಣಬಾರದು, ಹೊಟ್ಟೆಯ ಒಂದು ಭಾಗ ಖಾಲಿ ಬಿಡಬೇಕು, ಅವಸರಪಡದೆ ಊಟದ ಮೇಲೆ ಮನಸ್ಸಿಟ್ಟು ಉಣ್ಣಬೇಕು ಎಂಬ ಆಯುರ್ವೇದದ ನಿಯಮಗಳಲ್ಲಿ ಹೊತ್ತಿನ ನಿಯಮಕ್ಕಾದರೂ ಹೊಸ ವಿಜ್ಞಾನ ಬೆಂಬಲವಾಗಿ ನಿಂತಿದೆ. 2013ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ತೂಕ ಇಳಿಸಲು ಹೊರಟ 420 ಜನರನ್ನು ಇಪ್ಪತ್ತು ವಾರ ಗಮನಿಸಿತು. ಮಧ್ಯಾಹ್ನದ ಊಟವನ್ನು ಮೂರು ಗಂಟೆಯ ಮೇಲೆ ಮಾಡಿದವರು ಬೇಗ ಉಂಡವರಿಗಿಂತ ಕಡಿಮೆ ಇಳಿದರು. 2022ರ ಬಾಸ್ಟನ್ನಿನ ಪ್ರಯೋಗದಲ್ಲಿ ಅದೇ ಊಟವನ್ನು ನಾಲ್ಕು ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ಮೈ ಸುಡುವ ಕ್ಯಾಲೊರಿ ತಗ್ಗಿತು. ಬಿಡದೆ ಸುರಿಯುವ ಜೂನ್-ಜುಲೈನಲ್ಲಿ ಮನೆಯೊಳಗೇ ಕೂತು ಹೊತ್ತಲ್ಲದ ಹೊತ್ತಿಗೆ ಹಲಸಿನ ಹಪ್ಪಳ, ಬಜ್ಜಿ ಕರಿಯುವ ಮಲೆನಾಡಿನ ಮನೆಗಳು ಇದನ್ನು ನೆನಪಿಡಬೇಕು. ಮಳೆಗಾಲದಲ್ಲಿ ಜೀರ್ಣಶಕ್ತಿ ಕುಂದಿರುತ್ತದೆ, ಹಗುರವಾಗಿ ಉಣ್ಣಿ ಎಂಬುದು ಋತುಚರ್ಯೆಯ ಮಾತು.

ಮೂಲಿಕೆಗಳೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ತಪ್ಪು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿಯಾದ ಡಾ. ಜಿ.ವಿ. ಸತ್ಯವತಿ 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗುಗ್ಗುಲು ಎಂಬ ಮೂಲಿಕೆಯ ಮೇಲೆ ಮಹಾಪ್ರಬಂಧ ಬರೆದರು. ಸುಶ್ರುತ ಸಂಹಿತೆಯಲ್ಲಿನ ಮೇದೋರೋಗದ, ಅಂದರೆ ಕೊಬ್ಬಿನ ಕಾಯಿಲೆಯ, ವಿವರಣೆಯೇ ಅದಕ್ಕೆ ಪ್ರೇರಣೆ. ಗ್ರಂಥದ ಮಾತನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದ ಆ ಧೈರ್ಯ ದೊಡ್ಡದು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಗುಗ್ಗುಲು ಕೆಟ್ಟ ಕೊಲೆಸ್ಟರಾಲನ್ನು ಇಳಿಸಲಿಲ್ಲ, ತುಸು ಏರಿಸಿತು. ಪ್ರಶ್ನೆ ಇನ್ನೂ ತೆರೆದಿದೆ. ಅಂಥ ಔಷಧವನ್ನು ಅಂಗಡಿಯಿಂದ ಕೊಂಡು ನುಂಗುವುದಕ್ಕಿಂತ ಹಾಸನದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆಯಂಥ ಕಡೆ ವೈದ್ಯರಿಗೆ ತೋರಿಸಿಕೊಳ್ಳುವುದು ಲೇಸು.

ಚರಕ ಸಂಹಿತೆಯ ಆ 21ನೆಯ ಅಧ್ಯಾಯ ಅತಿ ದಪ್ಪದವರನ್ನಷ್ಟೇ ಅಲ್ಲ, ಅತಿ ಸಣಕಲರನ್ನೂ ಚಿಕಿತ್ಸೆಗೆ ತೆಗೆದುಕೊಳ್ಳುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳನ್ನು ನೆನೆದಾಗ ಇದು ಮುಖ್ಯ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಸುಮಾರು ಶೇ 17 ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ದಿನವಿಡೀ ದುಡಿದು ಅರೆಹೊಟ್ಟೆ ಉಣ್ಣುವವರಿಗೆ ತೂಕ ಇಳಿಸುವ ಉಪದೇಶ ಸಲ್ಲದು. ಮೊದಲು ಅಳತೆ ಮಾಡಬೇಕು: ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು.

ಮನೆಯಲ್ಲಿ ಯಾರಾದರೂ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ನುಂಗುತ್ತಿದ್ದರೆ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ‘ಗಾರ್ಸೀನಿಯಾ’ ಇದೆಯೇ ಎಂದು ಇಂದೇ ನೋಡಿ. ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ, ಊಟ ಸೇರದೆ ವಾಕರಿಕೆ ಬಂದರೆ ಮಾತ್ರೆ ನಿಲ್ಲಿಸಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ತಡಮಾಡದೆ ವೈದ್ಯರಲ್ಲಿಗೆ ಹೋಗಿ.